ಕೆಸರು ಮೆತ್ತಿದ ಹಗ್ಗ

ಒಂದು ಹಗ್ಗಕ್ಕೆ ಜಿಗುಟು ಮಣ್ಣು ದಪ್ಪಗೆ ಮೆತ್ತಿಕೊಂಡಿದೆ. ಅದರ ತುದಿಯನ್ನು ಕಿರಿದಾದ ತೂತಿನೊಳಗೆ ಪೋಣಿಸಿ ಆಚೆ ನಿಂತವನೊಬ್ಬ ಬಲವಾಗಿ ಎಳೆಯುತ್ತಾನೆ. ಹಗ್ಗ ಎಳೆದತ್ತ ಹೋಗಲೇಬೇಕು. ಮಣ್ಣು ತೂತಿನ ಅಂಚಿಗೆ ಸಿಕ್ಕಿ, ಕೆರೆದು, ಈಚೆಗೇ ಉದುರುತ್ತದೆ. ಮಣ್ಣಿಲ್ಲದಿದ್ದರೆ ಹಗ್ಗ ಸಲೀಸಾಗಿ ಜಾರಿ ಹೋಗುತ್ತಿತ್ತು. ಈಗ ಅದು ಬಿಗಿದು ಜಗ್ಗಿ ನೋಯಬೇಕು. ಎಳೆಯುವವನಿಗೆ ಹಗ್ಗದ ಮೇಲೆ ಸಿಟ್ಟೇನೂ ಇಲ್ಲ. ಅವನಿಗೆ ಹಗ್ಗ ಬೇಕು, ಅಷ್ಟೆ.

ಸತ್ತ ಮೇಲೆ ಆತ್ಮ ಪಡುವ ಸಂಕಟ ದೇವರು ಕೊಡುವ ಶಿಕ್ಷೆಯೇ ಎಂದು ಕೇಳಿದವನಿಗೆ, ತಾನೇ ಸಾಯುತ್ತ ಮಲಗಿದ್ದ ಹೆಂಗಸೊಬ್ಬಳು ಕೊಟ್ಟ ಉತ್ತರವಿದು. ವರ್ಷ 379. ಅವಳ ಹೆಸರು ಮ್ಯಾಕ್ರಿನಾ. ಊರು ಪೊಂಟಸ್ ಪ್ರಾಂತ್ಯದ ಅನ್ನಿಸಾ. ಐರಿಸ್ ನದಿಯ ದಂಡೆ, ಇಂದಿನ ಉತ್ತರ ಟರ್ಕಿ. ಆ ನದಿಯನ್ನು ಈಗ ಯೆಶಿಲಿರ್ಮಾಕ್ ಎನ್ನುತ್ತಾರೆ. ಕೇಳಿದವನು ಅವಳ ತಮ್ಮ ಗ್ರೆಗರಿ, ನಿಸ್ಸಾ ಎಂಬ ಊರಿನ ಬಿಷಪ್.

ಮ್ಯಾಕ್ರಿನಾ ಬರೆದದ್ದು ಒಂದು ಸಾಲೂ ಉಳಿದಿಲ್ಲ. ನಮಗೆ ಸಿಗುವ ಮ್ಯಾಕ್ರಿನಾ ಬಹುಪಾಲು ತಮ್ಮನ ಬರಹದೊಳಗಿನವಳು. ಗ್ರೆಗರಿ ಅವಳ ಬಗ್ಗೆ ಗ್ರೀಕಿನಲ್ಲಿ ಎರಡು ಕೃತಿ ಬರೆದ. ಒಂದು ಅವಳ ಜೀವನಕಥೆ. ಹೊರರೂಪದಲ್ಲಿ ಅದೊಂದು ಕಾಗದ, ಆದರೆ ಕಾಗದದ ಅಳತೆ ಮೀರಿ ಬೆಳೆಯಿತು ಎಂದು ಅವನೇ ಮೊದಲಲ್ಲಿ ಒಪ್ಪಿಕೊಳ್ಳುತ್ತಾನೆ. ಇನ್ನೊಂದು ‘ಆತ್ಮ ಮತ್ತು ಪುನರುತ್ಥಾನ’ ಎಂಬ ಸಂವಾದ. ಪುನರುತ್ಥಾನ ಎಂದರೆ ಸತ್ತವರು ದೇಹ ಸಹಿತ ಮತ್ತೆ ಏಳುವುದು. ಎರಡರಲ್ಲೂ ಬರುವುದು ಅವಳ ಕೊನೆಯ ದಿನಗಳೇ. ಜೀವನಕಥೆಯಲ್ಲಿ ಅವಳು ಆತ್ಮದ ವಿಚಾರ ಮಾತಾಡಿದಳು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ಏನು ಮಾತಾಡಿದಳು ಎಂಬುದು ಸಂವಾದದಲ್ಲಿದೆ. ಸಂವಾದವನ್ನು ಮೊದಲು ಕೈಗೆತ್ತಿಕೊಂಡವರಿಗೆ ಅದು ಒಣ ತರ್ಕದಂತೆ ಕಾಣುವ ಅಪಾಯವಿದೆ. ಜೀವನಕಥೆ ಓದಿಕೊಂಡು ಹೋದರೆ, ಪ್ರತಿ ವಾದದ ಹಿಂದೆ ಆ ಮನೆಯ ಒಂದೊಂದು ಸಾವು ಕಾಣುತ್ತದೆ.

ಸಂವಾದದಲ್ಲಿ ಅವಳನ್ನು ಕರೆಯುವುದು ‘ಗುರು’ ಎಂದು. ಗ್ರೀಕಿನ ‘ದಿದಾಸ್ಕಲೋಸ್’ ಗಂಡಿಗೂ ಹೆಣ್ಣಿಗೂ ಒಂದೇ ರೂಪದ ಪದ. ಗ್ರೆಗರಿ ಅದರ ಮುಂದೆ ಸ್ತ್ರೀಲಿಂಗದ ಗುರುತು ಹಚ್ಚುತ್ತಾನೆ. ಈ ಏರ್ಪಾಡಿಗೆ ಮಾದರಿ ಪ್ಲೇಟೋನ ‘ಫೀಡೋ’ ಎಂಬುದು ಅಂದಿನ ಓದುಗರಿಗೆ ಕೂಡಲೇ ಹೊಳೆದಿರಬೇಕು. ಅಲ್ಲಿ ಸಾಕ್ರಟೀಸ್ ಸಾಯುವ ದಿನ ಗೆಳೆಯರೊಡನೆ ಆತ್ಮದ ಅಮರತ್ವ ಚರ್ಚಿಸುತ್ತಾನೆ. ಅಳುತ್ತಿದ್ದ ಹೆಂಡತಿ ಕ್ಸಾಂತಿಪ್ಪೆಯನ್ನು ಚರ್ಚೆಗೆ ಮೊದಲೇ ಮನೆಗೆ ಸಾಗಹಾಕಿರುತ್ತಾರೆ. ಇಲ್ಲಿ ಜಾಗಗಳು ಅದಲುಬದಲು. ಸಾಯುತ್ತ ತರ್ಕ ಮಾಡುವವಳು ಹೆಣ್ಣು, ಪಕ್ಕದಲ್ಲಿ ಅಳುವವನು ಬಿಷಪ್.

ಇಲ್ಲೊಂದು ಕಸಿವಿಸಿಯ ಸಂಗತಿ ಹೇಳಲೇಬೇಕು. ಅವಳ ಇನ್ನೊಬ್ಬ ತಮ್ಮ ಬೇಸಿಲ್, ಸಿಸೇರಿಯಾದ ಬಿಷಪ್, ಆ ಕಾಲದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ. ಅವನ ಮುನ್ನೂರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಅವುಗಳಲ್ಲಿ ಒಂದರಲ್ಲೂ ಅಕ್ಕನ ಹೆಸರಿಲ್ಲ. ಅಥೆನ್ಸಿನಲ್ಲಿ ಓದಿ, ವಾಕ್ಚಾತುರ್ಯದ ಗರ್ವ ತಲೆಗೇರಿಸಿಕೊಂಡು ಬಂದ ಬೇಸಿಲನನ್ನು ತಿದ್ದಿ ತಪಸ್ಸಿನ ದಾರಿಗೆ ಹಚ್ಚಿದವಳು ಮ್ಯಾಕ್ರಿನಾ ಎಂದು ಗ್ರೆಗರಿ ಬರೆಯುತ್ತಾನೆ. ಬೇಸಿಲ್ ತಾನು ಬದಲಾದ ಕಥೆಯನ್ನು ತಾನೇ ಹೇಳುವಾಗ, ನಿದ್ದೆಯಿಂದ ಎಚ್ಚೆತ್ತಂತಾಯಿತು ಎನ್ನುತ್ತಾನೆ. ಎಬ್ಬಿಸಿದವರು ಯಾರು ಎಂಬ ಜಾಗದಲ್ಲಿ ಅಕ್ಕ ಇಲ್ಲ. ಗ್ರೆಗರಿ ಲೇಖನಿ ಹಿಡಿಯದೆ ಹೋಗಿದ್ದರೆ ಮ್ಯಾಕ್ರಿನಾ ಎಂಬ ದಾರ್ಶನಿಕಳೇ ನಮಗೆ ಇರುತ್ತಿರಲಿಲ್ಲ.

ಅವಳು ಹುಟ್ಟಿದ್ದು ಸುಮಾರು 327ರಲ್ಲಿ. ತಂದೆಯ ಹೆಸರೂ ಬೇಸಿಲ್. ಪೊಂಟಸಿನಲ್ಲಿ ಹೆಸರಾಂತ ವಾಗ್ಮಿ. ತಾಯಿ ಎಮ್ಮೇಲಿಯಾ. ಅಜ್ಜಿಯ ಹೆಸರೇ ಮೊಮ್ಮಗಳಿಗೆ ಬಂತು. ಆ ಅಜ್ಜಿ ರೋಮನ್ ಚಕ್ರವರ್ತಿಗಳು ಕ್ರೈಸ್ತರಿಗೆ ಕೊಟ್ಟ ಕೊನೆಯ ಕಿರುಕುಳದ ಕಾಲದಲ್ಲಿ ಗಂಡನೊಡನೆ ಪೊಂಟಸಿನ ಕಾಡುಗಳಲ್ಲಿ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದವಳು. ಒಂಬತ್ತು ಮಕ್ಕಳಲ್ಲಿ ಮ್ಯಾಕ್ರಿನಾ ಹಿರಿಯಳು. ಮನೆಯೊಳಗಷ್ಟೇ ಗೊತ್ತಿದ್ದ ಗುಟ್ಟಿನ ಹೆಸರೊಂದು ಅವಳಿಗಿತ್ತು: ತೆಕ್ಲಾ. ಸಂತ ಪೌಲನ ಮಾತು ಕೇಳಿ ನಿಶ್ಚಿತಾರ್ಥ ಮುರಿದುಕೊಂಡು ಹೊರಟ ಕನ್ಯೆಯ ಹೆಸರದು. ಹೆರಿಗೆಗೆ ಮುಂಚೆ ತಾಯಿಗೆ ಕನಸಿನಲ್ಲಿ ಯಾರೋ ಮೂರು ಸಲ ಮಗುವನ್ನು ಆ ಹೆಸರಿನಿಂದ ಕರೆದರಂತೆ.

ಅಂದಿನ ಶ್ರೀಮಂತ ಮನೆಯ ಮಕ್ಕಳು ಅಕ್ಷರ ಕಲಿಯುತ್ತಿದ್ದದ್ದು ಹೋಮರನ ‘ಇಲಿಯಡ್’, ದುರಂತ ನಾಟಕ, ಪ್ರಹಸನಗಳ ಸಾಲುಗಳ ಮೇಲೆ. ಎಮ್ಮೇಲಿಯಾ ಅದನ್ನು ಬೇಡವೆಂದಳು. ಎಳೆಯ ಮನಸ್ಸಿಗೆ ಆ ಹೆಂಗಸರ ಕಾಮಕ್ರೋಧಗಳ ಕಥೆ ಯಾಕೆ ಎಂಬುದು ಅವಳ ಲೆಕ್ಕ. ಬದಲಿಗೆ ಸೊಲೊಮೋನನ ಜ್ಞಾನಗ್ರಂಥ, ಕೀರ್ತನೆಗಳು. ಕೀರ್ತನೆಗಳಿಗೆ ದಿನಚರಿಯಲ್ಲಿ ಗೊತ್ತಾದ ಹೊತ್ತುಗಳಿದ್ದವು: ಏಳುವಾಗ, ಕೆಲಸಕ್ಕೆ ಕೈ ಹಾಕುವಾಗ, ಕೆಲಸ ಮುಗಿದಾಗ, ಊಟಕ್ಕೆ ಕೂರುವಾಗ, ಊಟ ಮಾಡಿ ಏಳುವಾಗ, ಮಲಗುವಾಗ, ಮತ್ತೆ ರಾತ್ರಿ ಪ್ರಾರ್ಥನೆಗೆ ಎದ್ದಾಗ. ಜೊತೆಗೆ ಉಣ್ಣೆ ನೂಲುವ ಕಸುಬು. ಹಾಗಾದರೆ ಸಂವಾದದಲ್ಲಿ ಗ್ರೀಕ್ ತತ್ತ್ವಜ್ಞರಾದ ಸ್ಟೋಯಿಕರು, ಎಪಿಕ್ಯೂರಸ್, ಚಂದ್ರನ ಕಲೆಗಳು ಎಂದೆಲ್ಲ ಮಾತಾಡುವ ಮ್ಯಾಕ್ರಿನಾ ಎಲ್ಲಿಂದ ಬಂದಳು? ಗ್ರೆಗರಿ ತನ್ನದನ್ನು ಅವಳ ಬಾಯಿಗೆ ತುರುಕಿದ ಎಂದು ಕೆಲವರು ತೀರ್ಮಾನಿಸುತ್ತಾರೆ. ತುಸು ಆತುರದ ತೀರ್ಮಾನವೆನಿಸುತ್ತದೆ. ತಂದೆ ವಾಗ್ಮಿ, ತಮ್ಮಂದಿರು ವಾಗ್ಮಿಗಳು, ಪುಸ್ತಕಗಳಿದ್ದ ಮನೆ. ಬಾಲ್ಯದ ಪಠ್ಯವೇ ಐವತ್ತರ ಹರೆಯದ ತಿಳಿವಿನ ಅಂಚು ಆಗಬೇಕಿಲ್ಲ. ಸಂವಾದದ ಹಲವು ವಿಚಾರಗಳು ಗ್ರೆಗರಿಯ ಬೇರೆ ಕೃತಿಗಳಲ್ಲೂ ಬರುತ್ತವೆ, ನಿಜ. ಅಕ್ಕನಿಂದ ಕಲಿತದ್ದನ್ನು ತಮ್ಮ ಬೇರೆಡೆ ಬಳಸಿದ ಎಂದರೂ ಅಷ್ಟೇ ಹೊಂದುತ್ತದೆ. ಬರವಣಿಗೆ ಅವನದು; ಒಳಗಿನ ಮಾತಿನಲ್ಲಿ ಎಷ್ಟು ಅವಳದು ಎಂದು ತಕ್ಕಡಿಯಲ್ಲಿ ತೂಗಲಾಗದು.

ಆದರೆ ಅವಳದೇ ಎನ್ನಬಹುದಾದ ಒಂದು ವಾದ ಜೀವನಕಥೆಯಲ್ಲಿದೆ. ಅದನ್ನು ಅವಳು ಮಂಡಿಸಿದ್ದು ಹದಿಹರೆಯದ ಹೊಸ್ತಿಲಲ್ಲಿ.

ಅವಳ 12ನೇ ವಯಸ್ಸಿಗೆ ತಂದೆ ಒಬ್ಬ ಹುಡುಗನನ್ನು ಗೊತ್ತು ಮಾಡಿದ: ಒಳ್ಳೆಯ ಮನೆತನ, ಆಗಷ್ಟೇ ಓದು ಮುಗಿಸಿದವನು, ನ್ಯಾಯಾಲಯದಲ್ಲಿ ನೊಂದವರ ಪರ ಮಾತಾಡುತ್ತಿದ್ದವನು. ಮದುವೆಗೆ ಮುಂಚೆಯೇ ಆತ ತೀರಿಕೊಂಡ. ಹೆತ್ತವರು ಬೇರೆ ಗಂಡು ಹುಡುಕಲು ಹೊರಟಾಗ ಹುಡುಗಿ ಒಪ್ಪಲಿಲ್ಲ. ವಾದದ ಮೆಟ್ಟಿಲುಗಳು ಹೀಗಿವೆ. ತಂದೆ ತೀರ್ಮಾನ ಮಾಡಿದ ಕ್ಷಣಕ್ಕೇ ಮದುವೆ ಆದಂತೆ. ಹುಟ್ಟು ಒಂದೇ, ಸಾವು ಒಂದೇ, ಹಾಗೆಯೇ ಮದುವೆಯೂ ಒಂದೇ. ಇನ್ನು ಆ ವರ ಸತ್ತಿದ್ದಾನೆಯೇ? ಪುನರುತ್ಥಾನ ನಿಜವಾದರೆ ಅವನು ದೇವರ ಪಾಲಿಗೆ ಬದುಕಿದ್ದಾನೆ. ದೂರದ ಊರಿಗೆ ಹೋಗಿದ್ದಾನೆ ಅಷ್ಟೆ. ಪರಊರಿಗೆ ಹೋದ ಗಂಡನಿಗೆ ನಿಷ್ಠೆಯಿಂದಿರದೆ ಇನ್ನೊಬ್ಬನ ಕೈ ಹಿಡಿಯುವುದು ಸರಿಯೇ?

ಅಪ್ಪನ ಅಧಿಕಾರವನ್ನೇ ಗುರಾಣಿ ಮಾಡಿಕೊಂಡು ಅಪ್ಪನ ಮುಂದಿನ ಆಜ್ಞೆಯನ್ನು ತಡೆದ ಜಾಣತನವಿದು. ಹೆಣ್ಣಿಗೆ ‘ಮದುವೆ ಒಲ್ಲೆ’ ಎನ್ನುವ ದಾರಿ ಇಲ್ಲದ ಮನೆಯಲ್ಲಿ ‘ನನ್ನ ಮದುವೆ ಆಗಿದೆ’ ಎನ್ನುವ ದಾರಿ ಹುಡುಕಿಕೊಂಡಳು. ಆದರೆ ಇಡೀ ವಾದ ಒಂದೇ ಕಂಬದ ಮೇಲೆ ನಿಂತಿದೆ: ಸತ್ತವರು ಇಲ್ಲವಾಗಿಲ್ಲ. ಆ ಕಂಬ ಗಟ್ಟಿಯಿಲ್ಲದಿದ್ದರೆ ಇದು ಬರೀ ಹಟ. ಸುಮಾರು 40 ವರ್ಷಗಳ ಮೇಲೆ, ಹಲಗೆಯ ಮೇಲೆ ಮಲಗಿ ಅವಳು ತಮ್ಮನಿಗೆ ತೋರಿಸಿಕೊಡುವುದು ಆ ಕಂಬದ ಗಟ್ಟಿತನವನ್ನೇ. ಸಂವಾದವನ್ನು ಹೀಗೆ ಓದಿಕೊಂಡಾಗ ಅದು ಬೇರೆಯೇ ಆಗುತ್ತದೆ.

ನಡುವಿನ ವರ್ಷಗಳಲ್ಲಿ ಅವಳು ಮಾಡಿದ್ದನ್ನು ಗ್ರೆಗರಿ ‘ಫಿಲೊಸೋಫಿಯಾ’ ಎಂದೇ ಕರೆಯುತ್ತಾನೆ. ನಾಲ್ಕನೇ ಶತಮಾನದ ಕ್ರೈಸ್ತರ ಬಾಯಲ್ಲಿ ಆ ಪದಕ್ಕೆ ಪುಸ್ತಕದ ವಿದ್ಯೆ ಎಂಬುದಕ್ಕಿಂತ ಬದುಕುವ ಬಗೆ ಎಂಬ ಅರ್ಥವೇ ಮುಂದು. ತಾಯಿಗೆ ತನ್ನ ಕೈಯಾರೆ ರೊಟ್ಟಿ ಮಾಡಿಕೊಡುತ್ತಿದ್ದಳು. ದಾಸಿಯರಿದ್ದ ಮನೆಯ ಹಿರಿಮಗಳು ಹಿಟ್ಟು ನಾದುವುದು ಆಗ ಸಣ್ಣ ವಿಷಯವಲ್ಲ. ಆಸ್ತಿ ಮೂರು ಪ್ರಾಂತ್ಯಗಳಲ್ಲಿ ಹರಡಿತ್ತು, ಮೂವರು ಅಧಿಕಾರಿಗಳಿಗೆ ತೆರಿಗೆ ಕಟ್ಟಬೇಕಿತ್ತು. ಗಂಡ ತೀರಿಕೊಂಡ ಮೇಲೆ ಎಮ್ಮೇಲಿಯಾಗೆ ಆ ಹೊರೆಯಲ್ಲಿ ಹೆಗಲು ಕೊಟ್ಟವಳು ಇವಳು. ಅಪ್ಪ ಸತ್ತ ಹೊತ್ತಿಗೇ ಹುಟ್ಟಿದ ಕಿರಿಯ ತಮ್ಮ ಪೀಟರನಿಗೆ ತಂದೆ, ಗುರು, ತಾಯಿ ಎಲ್ಲ ಅವಳೇ ಆದಳು. ಅವನು ಮುಂದೆ ಸೆಬಾಸ್ತೆಯ ಬಿಷಪ್ ಆದ. ಉಳಿದ ಮಕ್ಕಳನ್ನು ಗೊತ್ತಾದ ತಿಂಗಳಷ್ಟೇ ಹೊತ್ತೆ, ಇವಳನ್ನು ಮಾತ್ರ ಸದಾ ಒಡಲಲ್ಲೇ ಹೊತ್ತಿದ್ದೇನೆ ಎಂದು ತಾಯಿ ಹೇಳುತ್ತಿದ್ದಳಂತೆ.

ಎರಡನೇ ತಮ್ಮ ನೌಕ್ರಾಟಿಯಸ್ 22ನೇ ವಯಸ್ಸಿಗೆ ಎಲ್ಲ ಬಿಟ್ಟು ಐರಿಸ್ ದಂಡೆಯ ಕಾಡು ಸೇರಿದ. ಕ್ರಿಸಾಫಿಯಸ್ ಎಂಬ ಸೇವಕ ಜೊತೆಗಿದ್ದ. ಇಬ್ಬರೂ ಬೇಟೆಯಾಡಿ ಮೀನು ಹಿಡಿದು, ಬಡ ಮುದುಕರ ಹೊಟ್ಟೆ ತುಂಬಿಸುತ್ತಿದ್ದರು. ಐದನೇ ವರ್ಷ ಹಾಗೆ ಬೇಟೆಗೆ ಹೋದವರು ಹೆಣವಾಗಿ ಮರಳಿದರು. ತಾಯಿ ಅಲ್ಲಿಂದ ಮೂರು ದಿನದ ದಾರಿಯ ದೂರದಲ್ಲಿದ್ದಳು. ಸುದ್ದಿ ಕೇಳಿ ಉಸಿರು ಕಟ್ಟಿ ಕುಸಿದುಬಿದ್ದಳು. ಅವಳನ್ನು ಎತ್ತಿ ನಿಲ್ಲಿಸಿದ ಮೇಲೆ ಮ್ಯಾಕ್ರಿನಾ ಮನೆಯ ಚೌಕಟ್ಟನ್ನೇ ಬದಲಿಸಿದಳು. ತನ್ನ ದಾಸಿಯರನ್ನು ಸೋದರಿಯರಂತೆ, ಸರಿಸಮಾನರಂತೆ ಕಾಣಬೇಕೆಂದು ತಾಯಿಯನ್ನು ಒಪ್ಪಿಸಿದಳು. ಒಂದೇ ಊಟದ ಮೇಜು, ಒಂದೇ ಬಗೆಯ ಹಾಸಿಗೆ, ಒಂದೇ ಬಗೆಯ ಬದುಕು. ಹೆಂಗಸರ ಸಮುದಾಯ ಅವಳ ಕೈಯಲ್ಲಿ, ಗಂಡಸರದು ಪೀಟರನ ಕೈಯಲ್ಲಿ. ಬರಗಾಲ ಬಿದ್ದಾಗ ದಾರಿಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿ ತಂದು ಸಾಕಿದಳು. ಅವಳು ಸತ್ತಾಗ ಅಮ್ಮಾ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅತ್ತವರು ಅವರು.

ಗ್ರೆಗರಿ ಮುಂದೆ ಬೈಬಲಿನ ‘ಉಪದೇಶಕ’ ಗ್ರಂಥದ ಮೇಲಿನ ತನ್ನ ನಾಲ್ಕನೇ ಪ್ರವಚನದಲ್ಲಿ, ದೇವರ ರೂಪ ಹೊತ್ತವರಿಗೆ ಬೆಲೆ ಕಟ್ಟುವವರು ಯಾರು ಎಂದು ದಾಸ್ಯ ಪದ್ಧತಿಯ ಬೇರಿಗೇ ಕೊಡಲಿ ಹಾಕುತ್ತಾನೆ. ಆ ಕಾಲದಲ್ಲಿ ಅಷ್ಟು ನೇರವಾಗಿ ಹೇಳಿದವರು ವಿರಳ. ಅಕ್ಕನ ಊಟದ ಮೇಜಿನಲ್ಲಿ ಕಂಡದ್ದೇ ಅಲ್ಲಿ ಮಾತಾಯಿತು ಎಂದುಕೊಂಡರೆ ತಪ್ಪಾಗಲಾರದು.

ಈಗ ಕೊನೆಯ ದಿನಗಳಿಗೆ ಬರೋಣ. ಬೇಸಿಲ್ ತೀರಿಕೊಂಡಿದ್ದ. ಕೆಲವು ತಿಂಗಳ ಮೇಲೆ ಅಂತಿಯೋಕ್ಯದ ಬಿಷಪ್ಪರ ಸಭೆ ಮುಗಿಸಿ ಗ್ರೆಗರಿ ಅಕ್ಕನನ್ನು ನೋಡಲು ಹೊರಟ. ಇಬ್ಬರೂ ಕಂಡು ಎಂಟು ವರ್ಷದ ಹತ್ತಿರವಾಗಿತ್ತು. ಚಕ್ರವರ್ತಿ ವಾಲೆನ್ಸನ ಕಾಲದಲ್ಲಿ ಪೀಠ ಕಳೆದುಕೊಂಡು ಊರೂರು ಅಲೆದಿದ್ದವನು ಅವನು. ಬಂದು ನೋಡಿದರೆ ಅಕ್ಕ ನೆಲದ ಮೇಲೆ ಗೋಣಿತಟ್ಟು ಹೊದೆಸಿದ ಹಲಗೆಯ ಮೇಲೆ ಮಲಗಿದ್ದಾಳೆ. ದಿಂಬಿನ ಜಾಗದಲ್ಲಿ ಓರೆಯಾಗಿ ಇಟ್ಟ ಇನ್ನೊಂದು ಹಲಗೆ. ಜ್ವರ, ಏದುಸಿರು. ಅವನು ತನ್ನ ಕಷ್ಟಗಳ ಪಟ್ಟಿ ಬಿಚ್ಚಿದಾಗ ಅವಳು ಸಮಾಧಾನ ಹೇಳಲಿಲ್ಲ, ಗದರಿದಳು. ನಮ್ಮಪ್ಪನ ಹೆಸರು ಈ ಸೀಮೆಯ ಕಚೇರಿಗಳ ಆಚೆ ಹೋಗಲಿಲ್ಲ. ನಿನ್ನನ್ನು ಊರೂರುಗಳ ಕ್ರೈಸ್ತ ಸಭೆಗಳು ನೆರವಿಗೆ ಕರೆಯುತ್ತವೆ, ಕೃತಘ್ನನಾಗಬೇಡ ಎಂಬರ್ಥದ ಮಾತು ಅದು. ಹಿರಿಯಕ್ಕಂದಿರು ಇರುವ ಮನೆಗಳಲ್ಲಿ ಬೆಳೆದವರಿಗೆ ಈ ದನಿ ಹೊಸದಲ್ಲ.

ಸಂವಾದ ಶುರುವಾಗುವುದು ಬೇಸಿಲನ ಸಾವಿನ ದುಃಖದಿಂದ. ಪಳಗಿದ ಸವಾರ ಕುದುರೆಯನ್ನು ಸ್ವಲ್ಪ ಅದರ ಓಟಕ್ಕೆ ಬಿಟ್ಟು ಆಮೇಲೆ ಲಗಾಮು ಹಿಡಿಯುವಂತೆ, ಅವಳು ತಮ್ಮನನ್ನು ಅಳಲು ಬಿಟ್ಟು ಆಮೇಲೆ ಹಿಡಿಯುತ್ತಾಳೆ. ಅವನು ನಾಸ್ತಿಕನ ಪಾತ್ರ ವಹಿಸಿ ಕೇಳುತ್ತಾನೆ: ದೇಹ ಧಾತುಗಳಾಗಿ ಒಡೆದುಹೋದ ಮೇಲೆ ಆತ್ಮ ಎಲ್ಲಿರಬೇಕು? ಧಾತುಗಳಲ್ಲಿ ಇಲ್ಲ ಎಂದರೆ ಎಲ್ಲೂ ಇಲ್ಲ ಎಂದೇ ಆಗುವುದಿಲ್ಲವೇ?

ಅವಳ ಉತ್ತರಗಳೆಲ್ಲ ಕೈಗೆಟುಕುವ ವಸ್ತುಗಳಿಂದ ಬರುತ್ತವೆ. ಇಂದ್ರಿಯಕ್ಕೆ ಸಿಕ್ಕದ್ದು ಇಲ್ಲವೇ ಇಲ್ಲ ಎನ್ನುವವನು, ಗೋಡೆ ಮಾಡು ಮುಚ್ಚಿದ ಕೋಣೆಯೊಳಗೆ ಕೂತು ಆಕಾಶದ ಬೆರಗು ಕಾಣದವನಂತೆ. ಪಕ್ಕದಲ್ಲೇ ಕೂತಿದ್ದ ವೈದ್ಯನನ್ನು ತೋರಿಸುತ್ತಾಳೆ: ಅವನ ಬೆರಳು ಮುಟ್ಟುವುದು ನಾಡಿಯನ್ನು, ತಿಳಿಯುವುದು ಒಳಗಿನ ಯಾವ ಅಂಗ ಬೆಂದಿದೆ, ಜ್ವರ ಎಷ್ಟೆಂಬುದನ್ನು. ಬೆರಳಿಗೆ ಅಷ್ಟೆಲ್ಲ ಗೊತ್ತಾಗುವುದಿಲ್ಲ. ಬೆರಳಿನ ಹಿಂದೆ ಯೋಚಿಸುವ ಒಂದು ಇದೆ. ಖಾಲಿ ಎನ್ನುವ ಗಡಿಗೆಯನ್ನು ನೀರಿಗೆ ಇಳಿಸಿದರೆ ಮೊದಲು ತೇಲುತ್ತದೆ. ಅದುಮಿದರೆ ಕಂಠದ ಬಳಿ ಒಳನುಗ್ಗುವ ನೀರಿಗೂ ಹೊರಬರುವ ಗಾಳಿಗೂ ಜಗಳ ಹತ್ತಿ ಗುಳುಗುಳು ಸದ್ದಾಗುತ್ತದೆ. ಕಣ್ಣು ಖಾಲಿ ಎಂದದ್ದನ್ನು ಬುದ್ಧಿ ಖಾಲಿಯಲ್ಲ ಎನ್ನುತ್ತದೆ. ಬಾವಿಗೆ ಬಿಂದಿಗೆ ಇಳಿಸಿದವರಿಗೆಲ್ಲ ಗೊತ್ತಿರುವ ಸದ್ದನ್ನೇ ಅವಳು ಸಾಕ್ಷಿಗೆ ಕರೆದಿದ್ದಾಳೆ.

ಗ್ರೆಗರಿ ಸುಮ್ಮನಾಗುವುದಿಲ್ಲ. ನೀರಿನ ಬಲದಿಂದ ತಾನಾಗಿ ಆಡುವ, ಕೊಳಲಿನಂತೆ ಹಾಡುವ ಯಂತ್ರಗಳಿವೆಯಲ್ಲ, ಅವುಗಳೊಳಗೆ ಆತ್ಮವಿದೆಯೇ? ಹಾಗೆಯೇ ನಾವೂ ಬರೀ ಯಂತ್ರ ಯಾಕಾಗಬಾರದು? ಇಂದಿಗೂ ಬಿಸಿಯಾಗಿರುವ ಪ್ರಶ್ನೆ. ಅವಳು ಉದಾಹರಣೆಯನ್ನೇ ಹಿಡಿದು ತಿರುಗಿಸುತ್ತಾಳೆ. ಲೋಹಕ್ಕೆ ತಾನಾಗಿ ಹಾಡಲು ಬರುವಂತಿದ್ದರೆ ಎಲ್ಲ ಕಂಚೂ ಹಾಡಬೇಕಿತ್ತು. ಯಾರೋ ಮೊದಲು ಕಣ್ಣಿಗೆ ಕಾಣದ ಒಂದು ವಿನ್ಯಾಸವನ್ನು ಯೋಚಿಸಿ, ಆಮೇಲೆ ಅದನ್ನು ಲೋಹದೊಳಗೆ ಇಟ್ಟರು. ಯಂತ್ರ ತೋರಿಸುವುದು ಮನಸ್ಸು ಇಲ್ಲ ಎಂಬುದನ್ನಲ್ಲ, ಇದೆ ಎಂಬುದನ್ನು. ವಾದ ಚುರುಕಾಗಿದೆ, ಪೂರ್ತಿಯಲ್ಲ. ಯಂತ್ರ ಕಟ್ಟಿದವನಿಗೆ ಮನಸ್ಸಿದೆ ಎಂದು ಸಾಧಿಸಿದಳೇ ಹೊರತು, ಆ ಮನಸ್ಸು ದೇಹದಿಂದ ಬೇರೆಯದು ಎಂದಲ್ಲ.

ಅವಳ ದಾರ್ಶನಿಕ ಗುಣ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದರ ನಂತರದ ಭಾಗದಲ್ಲಿ. ಪ್ರಶ್ನೆ: ಸಿಟ್ಟು, ಆಸೆ ಆತ್ಮದ ಭಾಗವೇ? ಆತ್ಮಕ್ಕೆ ಪ್ಲೇಟೋ ಕೊಟ್ಟ ರಥ, ಎರಡು ಕುದುರೆ, ಸಾರಥಿಯ ಚಿತ್ರವನ್ನು ಬದಿಗಿಡುತ್ತೇನೆ ಎಂದು ಅವಳು ಶುರು ಮಾಡುತ್ತಾಳೆ. ಮನುಷ್ಯನ ಲಕ್ಷಣ ವಿಚಾರಶಕ್ತಿ. ಸಿಟ್ಟು, ಆಸೆ ಪ್ರಾಣಿಗಳಿಗೂ ಇವೆ. ಹಾಗಾಗಿ ಅವು ಮನುಷ್ಯಾತ್ಮದ ಸಾರವಲ್ಲ. ಬೈಬಲಿನ ಪ್ರವಾದಿ ಮೋಶೆ ಎರಡನ್ನೂ ಮೀರಿದ್ದ, ಹಾಗೆಂದು ಅವನು ಮನುಷ್ಯನಲ್ಲದೆ ಹೋದನೇ? ಇವು ಆತ್ಮದ ಮೇಲೆ ಬೆಳೆದ ನರಹುಲಿಗಳು. ಮೈಗೆ ಅಂಟಿಕೊಂಡಿವೆ, ಮೈಯಲ್ಲ.

ಗ್ರೆಗರಿಯ ಅಡ್ಡಮಾತು ಗಟ್ಟಿಯಾಗಿದೆ. ದಾನಿಯೇಲನ ಹಂಬಲವನ್ನು ಧರ್ಮಗ್ರಂಥ ಹೊಗಳುತ್ತದೆ. ಫೀನೆಹಾಸನ ಸಿಟ್ಟು ದೇವರಿಗೆ ಒಪ್ಪಿಗೆಯಾಯಿತು. ಭಯವೇ ಜ್ಞಾನದ ಮೊದಲು ಎಂದಿದೆ. ಒಳ್ಳೆಯದರ ಕಡೆ ನಮ್ಮನ್ನು ಎಳೆಯುವುದೇ ಆಸೆಯಾಗಿದ್ದರೆ, ಅದನ್ನು ನರಹುಲಿ ಎಂದು ಕತ್ತರಿಸಿ ಎಸೆಯುವುದು ಹೇಗೆ?

ಇಲ್ಲಿ ‘ಗುರು’ ಒಪ್ಪಿಕೊಳ್ಳುತ್ತಾಳೆ: ಈ ಗೊಂದಲಕ್ಕೆ ನಾನೇ ಕಾರಣ, ವಿಷಯವನ್ನು ಸರಿಯಾದ ಕ್ರಮದಲ್ಲಿ ಬಿಡಿಸಿ ಹೇಳಲಿಲ್ಲ. ಆಮೇಲೆ ಬೇರೆ ಕಡೆಯಿಂದ ಹೊರಡುತ್ತಾಳೆ. ಸೃಷ್ಟಿ ಮೆಟ್ಟಿಲು ಮೆಟ್ಟಿಲಾಗಿ ಏರಿತು: ಮೊದಲು ಬೆಳೆಯುವ ಸಸ್ಯ, ಆಮೇಲೆ ಅರಿವಿರುವ ಪ್ರಾಣಿ, ಕೊನೆಗೆ ವಿಚಾರ ಮಾಡುವ ಮನುಷ್ಯ. ಮೇಲಿನ ಮೆಟ್ಟಿಲಿಗೆ ಬಂದವನು ಕೆಳಗಿನವನ್ನೂ ಹೊತ್ತೇ ಬರುತ್ತಾನೆ. ಹಾಗಾಗಿ ಭಾವಗಳು ಕಮ್ಮಾರನ ಕುಲುಮೆಯ ಕಬ್ಬಿಣದಂತೆ. ಕತ್ತಿಯಾಗುತ್ತದೋ ನೇಗಿಲ ಗುಳವಾಗುತ್ತದೋ ಬಡಿಯುವವನ ಮನಸ್ಸಿಗೆ ಬಿಟ್ಟದ್ದು. ವಿಚಾರ ಮೇಲಿದ್ದರೆ ಸಿಟ್ಟು ಧೈರ್ಯವಾಗುತ್ತದೆ, ಭಯ ವಿಧೇಯತೆಯಾಗುತ್ತದೆ, ದ್ವೇಷ ಕೆಡುಕಿನಿಂದ ದೂರ ಸರಿಯುವ ಬಲವಾಗುತ್ತದೆ. ಗೋದಿಯ ನಡುವೆ ಹಣಜಿ ಎಂಬ ಕಳೆ ಬೆಳೆದಾಗ ಈಗಲೇ ಕೀಳಬೇಡಿ ಎಂದ ಒಡೆಯನ ಬೈಬಲಿನ ಸಾಮ್ಯಕಥೆಗೂ ಅವಳು ಈ ಅರ್ಥವನ್ನೇ ಕೊಡುತ್ತಾಳೆ: ಆಸೆಯನ್ನೇ ಕಿತ್ತರೆ ದೇವರ ಕಡೆ ಏರುವುದು ಯಾವುದರ ಬಲದಿಂದ? ತಮಾಷೆಯೆಂದರೆ, ವಿಚಾರ ಕೈಬಿಟ್ಟಾಗ ಏನಾಗುತ್ತದೆ ಎಂದು ಹೇಳಲು ಹೊರಟಾಗ, ಲಗಾಮಿಗೆ ಸಿಕ್ಕಿ ರಥದ ಹಿಂದೆ ಎಳೆದಾಡಿಸಿಕೊಳ್ಳುವ ಸಾರಥಿಯ ಚಿತ್ರವೇ ಅವಳಿಗೆ ನೆನಪಾಗುತ್ತದೆ. ಬಾಗಿಲಲ್ಲಿ ಕಳಿಸಿದ ಪ್ಲೇಟೋ ಹಿತ್ತಿಲಿನಿಂದ ಒಳಗೆ ಬಂದ.

ಪಾತಾಳದ ಮಾತನ್ನು ಬೇಗ ಮುಗಿಸುತ್ತಾಳೆ. ಭೂಮಿ ದುಂಡಗಿದೆ, ಸೂರ್ಯ ಒಂದು ಅರ್ಧವನ್ನು ಬೆಳಗುವಾಗ ಇನ್ನೊಂದು ಅರ್ಧ ನೆರಳಲ್ಲಿರುತ್ತದೆ. ಎಲ್ಲ ಕಡೆಯೂ ಒಂದೇ ಸಮವಾದ ಆಕಾಶ. ಹೀಗಿರುವಾಗ ಆತ್ಮಗಳಿಗೆಂದೇ ಕೆಳಗೊಂದು ಜಾಗ ಗೊತ್ತು ಮಾಡುವುದರಲ್ಲಿ ಏನರ್ಥ? ಪಾತಾಳ ಎಂದರೆ ಕಾಣದ ಸ್ಥಿತಿ. ಬೈಬಲಿನ ಕಥೆಯಲ್ಲಿ ಸತ್ತ ಬಡವ ಲಾಜರನನ್ನು ಒರಗಿಸಿಕೊಂಡ ಮೂಲಪುರುಷ ಅಬ್ರಹಾಮನ ಎದೆಯೂ ಅಂಗವಲ್ಲ. ಗ್ರೀಕಿನಲ್ಲಿ ‘ಕೋಲ್ಪೋಸ್’ ಎಂದರೆ ಮಡಿಲೂ ಹೌದು, ಅಲೆಯಿಂದ ಕಾಪಾಡುವ ಕೊಲ್ಲಿಯೂ ಹೌದು. ಬದುಕಿನ ಕಡಲು ದಾಟಿ ಬಂದವರ ಬಂದರು ಅದು.

ದೇಹದ ಕಣಗಳು ಚದರಿದರೂ ಆತ್ಮ ಅವನ್ನು ಬಿಡುವುದಿಲ್ಲ ಎಂಬುದು ಅವಳ ಮುಖ್ಯ ಮಾತು. ವಿಸ್ತಾರವೇ ಇಲ್ಲದ ಆತ್ಮಕ್ಕೆ ಹತ್ತಿರ ದೂರ ಎಂಬುದಿಲ್ಲ. ಚಿತ್ರಕಾರ ಹಲವು ಬಣ್ಣ ಬೆರೆಸಿ ಒಂದು ಆಕಾರ ಬರೆದ. ಬಣ್ಣಗಳು ಬಿಡಿಬಿಡಿಯಾಗಿ ತಮ್ಮ ತಮ್ಮ ಕಡೆ ಹೋದರೂ ಯಾವ ಆಕಾರಕ್ಕೆ ಯಾವುದನ್ನು ಎಷ್ಟು ಬೆರೆಸಿದ್ದೆ ಎಂಬುದು ಅವನಿಗೆ ಮರೆಯುವುದಿಲ್ಲ. ಒಡೆದ ಮಡಕೆಗಳ ರಾಶಿಯಲ್ಲಿ ಯಾವ ಚೂರು ಹೂಜಿಯದು, ಯಾವುದು ತಟ್ಟೆಯದು ಎಂದು ಅವುಗಳ ಯಜಮಾನ ಗುರುತಿಸುತ್ತಾನೆ. 12ರ ಹುಡುಗಿಗೆ ದೂರದೂರಿನಲ್ಲಿದ್ದ ಗಂಡ, ಇಲ್ಲಿ ತನ್ನ ಕಣಗಳ ಕಾವಲಿಗೆ ನಿಂತ ಆತ್ಮವಾಗಿದ್ದಾನೆ.

ಹಗ್ಗದ ಮಾತು ಬರುವುದು ಈ ಹಂತದಲ್ಲಿ. ಅದರ ಪಕ್ಕದಲ್ಲೇ ಪುಟಕ್ಕಿಟ್ಟ ಚಿನ್ನದ ಹೋಲಿಕೆಯೂ ಇದೆ. ನೋವಿನ ಕಾಲ ಅಂಟಿದ ಕೆಡುಕಿನಷ್ಟು. ಸಾಲ ಹೆಚ್ಚಿದ್ದವನಿಗೆ ತೀರಿಸುವ ಗಡುವೂ ಹೆಚ್ಚು. ಆದರೆ ಸಾಲ ಒಂದು ದಿನ ತೀರುತ್ತದೆ. ದೇವರು ಎಲ್ಲರಲ್ಲಿಯೂ ಎಲ್ಲವೂ ಆಗುವನೆಂಬ ಪೌಲನ ಮಾತನ್ನು ಅವಳು ಅಕ್ಷರಶಃ ಹಿಡಿಯುತ್ತಾಳೆ: ಕೊನೆಗೆ ಕೆಡುಕಿಗೆ ಇರಲು ಜಾಗವೇ ಉಳಿಯುವುದಿಲ್ಲ. ನಿತ್ಯನರಕವನ್ನು ನಂಬಿದ ನಂತರದ ತಲೆಮಾರುಗಳಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡಿತು. ಇಂಥ ಮಾತಿಗೆ ಹೆಸರಾಗಿದ್ದ ಮೂರನೇ ಶತಮಾನದ ಕ್ರೈಸ್ತ ಚಿಂತಕ ಆರಿಜನ್‌ನನ್ನು ಆರನೇ ಶತಮಾನದಲ್ಲಿ ಖಂಡಿಸಲಾಯಿತು. ಗ್ರೆಗರಿಯನ್ನು ಯಾರೂ ಮುಟ್ಟಲಿಲ್ಲ. ಆದರೆ ಈ ಭಾಗಗಳನ್ನು ಆರಿಜನ್ ಪಂಥದವರು ಸೇರಿಸಿದ್ದು ಎಂದು ಎಂಟನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಜರ್ಮಾನಸ್ ವಾದಿಸಿದ. ಹಗ್ಗವನ್ನು ಹಾಗೆ ಸುಲಭವಾಗಿ ಬಿಚ್ಚಿ ತೆಗೆಯಲಾಗದು, ಇಡೀ ಸಂವಾದದ ಹೊಲಿಗೆ ಅದರಲ್ಲೇ ಇದೆ.

ಕನ್ನಡದ ಓದುಗರು ನೆಟ್ಟಗೆ ಕೂರುವ ಜಾಗ ಇನ್ನೊಂದಿದೆ: ಪುನರ್ಜನ್ಮದ ಖಂಡನೆ. ಅವಳ ಮುಂದಿದ್ದದ್ದು ಗ್ರೀಕರ ಜನ್ಮಾಂತರವಾದ. ತಾನು ಗಂಡಾಗಿದ್ದೆ, ಹೆಣ್ಣಾಗಿದ್ದೆ, ಹಕ್ಕಿ, ಪೊದೆ, ಮೀನು ಆಗಿದ್ದೆ ಎಂದ ಜ್ಞಾನಿಯೊಬ್ಬನನ್ನು ಹೆಸರಿಸದೆ ನೆನೆದು, ಹೌದು, ಈ ಮಾತಿನಲ್ಲಿ ಕಪ್ಪೆಯ ವಟವಟ, ಮೀನಿನ ಬುದ್ಧಿ, ಮರದ ಜ್ಞಾನಶೂನ್ಯತೆ ಎಲ್ಲ ಇದೆ ಎಂದು ಕುಟುಕುತ್ತಾಳೆ. ತರ್ಕ ಎರಡು ಕಡೆಯಿಂದ ಬರುತ್ತದೆ. ಒಂದೇ ಆತ್ಮ ಮರ, ಮೃಗ, ಮನುಷ್ಯ ಎಲ್ಲದರಲ್ಲೂ ಓಡಾಡಿದರೆ ವಸ್ತುಗಳ ನಡುವಿನ ಗೆರೆಯೇ ಅಳಿದು, ಬಳ್ಳಿ ಕೊಯ್ದವನೂ ಬಂಧುಹತ್ಯೆ ಮಾಡಿದೆನೇ ಎಂದು ನಡುಗಬೇಕಾಗುತ್ತದೆ. ಎರಡನೆಯದು ಇನ್ನೂ ಹರಿತ: ಆತ್ಮ ಪಾಪದ ಭಾರಕ್ಕೆ ಮೇಲಿನಿಂದ ಬಿದ್ದು ದೇಹ ಸೇರಿತು ಎಂದರೆ, ಮನುಷ್ಯ ಹುಟ್ಟುವುದಕ್ಕೆ ಕೆಡುಕೇ ಕಾರಣ ಎಂದಾಯಿತು; ಕೆಡುಕಿನ ಬೀಜದಿಂದ ಒಳಿತಿನ ಬೆಳೆ ಹೇಗೆ? ಹಾಗಾಗಿ ಆತ್ಮ ದೇಹಗಳಲ್ಲಿ ಒಂದು ಮೊದಲು ಒಂದು ಆಮೇಲೆ ಎಂಬುದಿಲ್ಲ; ಎರಡೂ ಒಟ್ಟಿಗೇ ಶುರು. ಕರ್ಮದ ಲೆಕ್ಕದಿಂದ ಏಣಿ ಹತ್ತಿ ಇಳಿಯುವ ನಮ್ಮ ಪರಂಪರೆಗಳ ವಾದ ಇದಕ್ಕಿಂತ ಹೆಚ್ಚು ಬಿಗಿಯಾದದ್ದು. ಬಳ್ಳಿ ಕೊಯ್ಯಲು ನಡುಗುವುದನ್ನು ಜೈನ ಮುನಿಯೊಬ್ಬ ಆಕ್ಷೇಪವೆಂದೇ ಎಣಿಸಲಿಕ್ಕಿಲ್ಲ, ಹೌದಲ್ಲ ಎನ್ನುತ್ತಾನೆ.

ಅವಳು ಎಡವುವುದು ಕೊನೆಯ ಮೆಟ್ಟಿಲಲ್ಲಿ. ಗ್ರೆಗರಿ ಕೇಳುತ್ತಾನೆ: ಯಾವ ದೇಹ ಏಳುತ್ತದೆ? ಕೂಸಿನದೋ, ಮುದುಕನದೋ, ಕುಷ್ಠ ಹಿಡಿದದ್ದೋ? ಬತ್ತಿಯ ಮೇಲಿನ ಉರಿ ಒಂದೇ ಎಂದು ಕಾಣುತ್ತದೆ, ಆದರೆ ಎರಡು ಸಲ ಮುಟ್ಟಿದವನು ಒಂದೇ ಉರಿಯನ್ನು ಮುಟ್ಟಿರುವುದಿಲ್ಲ. ದೇಹವೂ ಹಾಗೆ ದಿನದಿನಕ್ಕೂ ಬೇರೆ. ಒಬ್ಬನಿಗಾಗಿ ಒಂದು ಗುಂಪೇ ಏಳಬೇಕಾದೀತು. ವಾಗ್ಮಿಗಳ ವರಸೆಯಲ್ಲಿ ಚೆನ್ನಾಗಿಯೇ ದಾಳಿ ಮಾಡಿದೆ ಎಂದು ಅವಳು ಮೆಚ್ಚುತ್ತಾಳೆ, ಆಮೇಲೆ ಪೌಲನ ಬೀಜದ ಹೋಲಿಕೆಗೆ ಹೋಗುತ್ತಾಳೆ. ಪುನರುತ್ಥಾನ ಎಂದರೆ ನಮ್ಮ ಸ್ವಭಾವ ಮೊದಲಿದ್ದ ಸ್ಥಿತಿಗೆ ಮರಳುವುದು. ಬಿತ್ತಿದ ಕಾಳು ಕೊಳೆತು ತೆನೆಯಾಗುತ್ತದೆ. ಕಾಳಲ್ಲ, ಆದರೆ ಕಾಳಿನದೇ. ಹೆರಿಗೆ, ಹಸಿವು, ಮುಪ್ಪು, ರೋಗ ಇವೆಲ್ಲ ನಾವು ತೊಟ್ಟ ಚರ್ಮದ ಅಂಗಿ. ಕಳಚಿದ ಮೇಲೆ ಅದರ ಹರಕು ಯಾರಿಗೆ ಬೇಕು?

ಮಾತು ಸೊಗಸು. ಆದರೆ ಬಣ್ಣ, ಮಡಕೆಚೂರುಗಳ ಹೋಲಿಕೆ ‘ಅದೇ ಕಣಗಳು’ ಎನ್ನುತ್ತದೆ. ಬೀಜದ ಹೋಲಿಕೆ ‘ಬೇರೆಯಾದರೂ ಅದರದೇ’ ಎನ್ನುತ್ತದೆ. ಎರಡೂ ಒಂದೇ ಗಾಡಿಗೆ ಕಟ್ಟಿದ, ಬೇರೆ ಬೇರೆ ದಿಕ್ಕಿಗೆ ಎಳೆಯುವ ಎತ್ತುಗಳು. ಯಾವ ವಯಸ್ಸಿನ ಕಣಗಳನ್ನು ಆತ್ಮ ಕಾಯುತ್ತಿತ್ತು ಎಂಬ ಉರಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಅದನ್ನು ಬಚ್ಚಿಡದೆ ಅಷ್ಟು ಬಲವಾಗಿ ಬರೆದಿಟ್ಟದ್ದು ಗ್ರೆಗರಿಯ ಪ್ರಾಮಾಣಿಕತೆ.

ಮರುದಿನ ಸಂಜೆ ದೀಪ ತಂದಾಗ ಅವಳು ಕಣ್ಣು ತೆರೆದು ಬೆಳಕಿನ ಕಡೆ ನೋಡಿದಳು. ದನಿ ಹೋಗಿತ್ತು. ಪ್ರಾರ್ಥನೆ ತುಟಿಯಲ್ಲೂ ಕೈಯಲ್ಲೂ ಮುಗಿಯಿತು.

ಹೆಣಕ್ಕೆ ಉಡಿಸಲು ಏನಿದೆ ಎಂದು ಗ್ರೆಗರಿ ಕೇಳಿದ. ಸಭಾಸೇವಕಿ ಲಂಪಾಡಿಯಾ ಹಳೆಯ ಮೇಲುಹೊದಿಕೆ, ತಲೆವಸ್ತ್ರ, ಸವೆದ ಚಪ್ಪಲಿ ತೋರಿಸಿ, ಇದೇ ಅವಳ ಆಸ್ತಿ, ಯಾವ ಪೆಟ್ಟಿಗೆಯಲ್ಲೂ ಇನ್ನೇನಿಲ್ಲ ಎಂದಳು. ಅವನು ತಾನು ತಂದಿದ್ದ ನಾರುಮಡಿ ಉಡಿಸಿದ. ಮದುವಣಗಿತ್ತಿಯಂತೆ ಕಾಣಬಾರದೆಂದು ಅದರ ಮೇಲೆ ತಾಯಿಯ ಕಪ್ಪು ಹೊದಿಕೆ ಹೊದೆಸಿದರು. ಕೊರಳಲ್ಲಿ ತೆಳು ದಾರಕ್ಕೆ ಕಟ್ಟಿದ ಕಬ್ಬಿಣದ ಶಿಲುಬೆ, ಕಬ್ಬಿಣದ ಉಂಗುರ ಸಿಕ್ಕವು. ಶಿಲುಬೆ ಜೊತೆಗಾರ್ತಿ ವೆಟಿಯಾನಾಳಿಗೆ, ಉಂಗುರ ತಮ್ಮನಿಗೆ.

ಸಮಾಧಿ ಇದ್ದದ್ದು ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಗುಡಿಯಲ್ಲಿ, ಏಳೆಂಟು ಸ್ಟೇಡಿಯಾ ದೂರ. ನಮ್ಮ ಲೆಕ್ಕದಲ್ಲಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಜನ ಎಷ್ಟು ಕಿಕ್ಕಿರಿದಿದ್ದರೆಂದರೆ ಅಷ್ಟು ದಾರಿ ಸವೆಸಲು ಹೆಚ್ಚೂಕಡಿಮೆ ಇಡೀ ದಿನ ಹಿಡಿಯಿತು. ತಾಯಿಯನ್ನು ಹೂತ ಸಮಾಧಿಯಲ್ಲೇ ಅವಳನ್ನೂ ಇಡಬೇಕಿತ್ತು. ಸತ್ತ ಮೇಲೆ ತಮ್ಮಿಬ್ಬರ ದೇಹಗಳೂ ಒಂದರಲ್ಲೊಂದು ಬೆರೆಯಲಿ ಎಂದು ತಾಯಿ ಮಗಳು ಬದುಕಿದ್ದಷ್ಟು ಕಾಲ ದೇವರಲ್ಲಿ ಬೇಡಿಕೊಂಡಿದ್ದರಂತೆ. ಕಲ್ಲು ಸರಿಸುವ ಹೊತ್ತಿಗೆ ಗ್ರೆಗರಿಗೆ ಭಯವಾಯಿತು: ಹೆತ್ತವರ ಕೊಳೆತು ಬಿಡಿಬಿಡಿಯಾದ ಮೈಯನ್ನು ಮಗ ನೋಡಬಾರದು. ಮುಚ್ಚಳ ಪೂರ್ತಿ ಎತ್ತುವ ಮೊದಲೇ ಶುಭ್ರವಾದ ನಾರುಮಡಿಯೊಂದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡಿಸಿದ. ಆಮೇಲೆ ಅವನೂ ಊರಿನ ಬಿಷಪ್ಪನೂ ಸೇರಿ ಅಕ್ಕನನ್ನು ಎತ್ತಿ ತಾಯಿಯ ಪಕ್ಕಕ್ಕೆ ಇಳಿಸಿದರು.